ಗಂಧರಾಜನಿಗೆ ಕಾಮಾಲೆ

"ಕಾಮಾಲೆ ಕಣಯ್ಯ ಇದಕ್ಕೆ," ಅಂದ ಮುನಿರಾಜು, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಮಗುಚುತ್ತಾ. "ಮೈಯೆಲ್ಲ ಹಳದಿ, ನರ ಮಾತ್ರ ಹಸಿರು. ಎಷ್ಟು ಕೊಟ್ಟೆ?"

"350."

"ಅಷ್ಟು ದುಡ್ಡು ಕೊಟ್ಟು ಖಾಯಿಲೆ ತಂದಿದ್ದೀಯ."

ಚಿಕ್ಕಬಳ್ಳಾಪುರದ ಹೂವಿನ ಮಂಡಿಯಲ್ಲಿ ಮೂವತ್ತು ವರ್ಷ ಸೇವಂತಿಗೆ ಹರಾಜು ಕೂಗಿದ ಗಂಟಲು ಅವನದು. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತೆ. ಒಳಗಿಂದ ನಮ್ಮಾಕೆ, "ನಾನು ಅವತ್ತೇ ಹೇಳಿದೆ, ನಾಲ್ಕು ದುಂಡುಮಲ್ಲಿಗೆ ಕಡ್ಡಿ ನೆಡಿ ಸಾಕು ಅಂತ," ಅಂದಳು. ಅವತ್ತು ಹೇಳಿದ್ದು ನಿಜ. ಅವಳು ಅವತ್ತೇ ಹೇಳಿರದ ವಿಷಯ ನಮ್ಮ ಮನೆಯಲ್ಲಿ ಯಾವುದೂ ಇಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಕಾಂಪೌಂಡಿಗೂ ಗೋಡೆಗೂ ನಡುವೆ ನಾಲ್ಕು ಅಡಿ ಜಾಗ ಉಳಿದಿತ್ತು. ಅಲ್ಲಿ ವರ್ಷವಿಡೀ ಹಸಿರಾಗಿರೋ, ಹೂ ಬಿಟ್ಟರೆ ಘಮ್ಮನ್ನೋ ಒಂದು ಪೊದೆ ಬೇಕಿತ್ತು. ನರ್ಸರಿ ಹುಡುಗ, "ಗಂಧರಾಜ ತಗೊಳಿ ಸಾರ್, ಎಲೆ ಉದುರೋ ಮಾತೇ ಇಲ್ಲ," ಅಂದ. ತಂದ ಮೂರು ತಿಂಗಳಿಗೆ ಗುಡಿಸೋ ಕೆಲಸ ನನ್ನ ಪಾಲಿಗೆ ಬಂತು.

"ನಿತ್ಯಹಸಿರು ಅಂದರೆ ಎಲೆ ಉದುರಲ್ಲ ಅಂತಲ್ಲಪ್ಪ," ಅಂದರು ಮೇಷ್ಟ್ರು. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಪಾಠ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. "ಎಲ್ಲ ಒಟ್ಟಿಗೆ ಉದುರಲ್ಲ, ಅಷ್ಟೆ. ಹಳೇದು ಬೀಳುತ್ತೆ, ಹೊಸದು ಬರುತ್ತೆ. ಇದರ ನಿಜವಾದ ಹೆಸರು ಗಾರ್ಡೇನಿಯಾ."

"ಗಾರ್ಡನ್‌ನಲ್ಲಿ ಬೆಳೆಯೋದಕ್ಕಾ?" ಅಂದ ಲೈನ್‌ಮನ್ ರಾಜಣ್ಣ.

"ಅಲ್ಲಯ್ಯ. ಅಲೆಕ್ಸಾಂಡರ್ ಗಾರ್ಡನ್ ಅಂತ ಒಬ್ಬ ಡಾಕ್ಟರಿದ್ದ, ಅಮೆರಿಕಾದಲ್ಲಿ. ಅವನ ಹೆಸರು ಇಟ್ಟರು. ಗಿಡ ಚೀನಾ ಕಡೇದು. ಕಾಫಿ ಕುಲಕ್ಕೇ ಸೇರಿದ್ದು. ನಮ್ಮ ಬೆಟ್ಟದ ಕುರುಚಲು ಕಾಡಿನ ಬಿಕ್ಕೆ ಗಿಡ ಇದೆಯಲ್ಲ, ಅದು ಇದಕ್ಕೆ ದಾಯಾದಿ. ಇನ್ನೊಂದು ತಮಾಷೆ ಕೇಳು: ಇದರ ಕಾಯನ್ನ ಚೀನಾ ವೈದ್ಯದಲ್ಲಿ ಕಾಮಾಲೆಗೇ ಕೊಡ್ತಾರೆ."

ಮುನಿರಾಜು ಎದ್ದು ನಿಂತ. "ಅಂದರೆ ಡಾಕ್ಟರಿಗೇ ಕಾಮಾಲೆ! ಇನ್ನು ನಾವೇನು ಮಾಡೋಣ?"

ಇಷ್ಟರಲ್ಲಿ ರಾಜಣ್ಣನಿಗೆ ತನ್ನ ರಾತ್ರಿರಾಣಿ ನೆನಪಾಯಿತು. ಅವನ ಕಥೆ ನಾವು ಹತ್ತು ಸಲ ಕೇಳಿದ್ದೇವೆ, ಆದರೂ ಪ್ರತಿ ಸಲ ಹಾವು ಒಂದು ಗೇಣು ಉದ್ದ ಆಗೋದರಿಂದ ಬೇಜಾರಾಗಲ್ಲ. ಮಲಗೋ ಕೋಣೆ ಕಿಟಕಿ ಕೆಳಗೇ ನೆಟ್ಟಿದ್ದ. ಸಂಜೆವರೆಗೆ ಸಪ್ಪೆ ಮುಖ, ರಾತ್ರಿ ಒಂಬತ್ತಾದರೆ ಅತ್ತರಿನ ಅಂಗಡಿ. ಮೊದಲ ವಾರ ಸ್ವರ್ಗ, ಎರಡನೇ ವಾರ ತಲೆನೋವು, ಮೂರನೇ ವಾರ ಪಕ್ಕದ ಮನೆಯಾಕೆ ಬಂದು, "ಅಣ್ಣಾ, ಈ ವಾಸನೆಗೆ ಹಾವು ಬರ್ತವೆ," ಅಂದಳು. ಮಾರನೇ ದಿನ ನಿಜಕ್ಕೂ ಒಂದು ಕೇರೆಹಾವು ಬಂತು.

"ಹಾವಿಗೂ ಸುವಾಸನೆಗೂ ಏನೂ ಸಂಬಂಧ ಇಲ್ಲ," ಅಂದರು ಮೇಷ್ಟ್ರು. "ಅದು ಬಂದಿದ್ದು ನಿಮ್ಮನೆ ಇಲಿಗೆ. ಬಿಳೀ ಹೂ ರಾತ್ರಿ ಘಮಘಮ ಅನ್ನೋದು ಪತಂಗ ಬರಲಿ ಅಂತ. ಕತ್ತಲಲ್ಲಿ ಬಣ್ಣ ತೋರಿಸಿ ಏನು ಪ್ರಯೋಜನ? ಅಂದಹಾಗೆ, ರಾತ್ರಿರಾಣಿ ಬದನೇಕಾಯಿ ಕುಲ."

ರಾಜಣ್ಣನಿಗೆ ಹಾವಿಗಿಂತ ಇದೇ ಹೆಚ್ಚು ಆಘಾತ. "ರಾಣಿ ಅಂದ್ಕೊಂಡು ಬದನೇಕಾಯಿ ಸಾಕಿದೆನಾ ನಾನು?"

"ಸಾಕಿದ್ದು ಸರಿ, ಅದರ ಕಾಯಿ ಮಾತ್ರ ತಿನ್ನಬೇಡ, ವಿಷ."

ಮುನಿರಾಜುಗೆ ಇವೆಲ್ಲ ಹೊರಗಿನ ಸುದ್ದಿ. ಅವನ ಲೆಕ್ಕದಲ್ಲಿ ತೂಕಕ್ಕೆ ಬರದ ಹೂ ಹೂವೇ ಅಲ್ಲ. "ಮಲ್ಲಿಗೆ ನೆಡಯ್ಯ. ಮಾಗಿಯಲ್ಲಿ ನೀರು ನಿಲ್ಲಿಸು, ಮೊಣಕಾಲುದ್ದಕ್ಕೆ ಸವರು. ಗೊಬ್ಬರ ಕೊಟ್ಟು ಮತ್ತೆ ನೀರು ಬಿಡು. ಹೊಸ ಚಿಗುರಲ್ಲೇ ಅದು ಮೊಗ್ಗು ಕಟ್ಟೋದು. ಗಿಡ ಬೋಳಿಸಿದರೆ ಪಾಪ ಅಂತ ಕೈಕಟ್ಟಿ ಕೂತ್ಕೋತಾರಲ್ಲ, ಅವರ ಮನೇಲಿ ಎಲೆ ಬಿಟ್ಟು ಏನೂ ಸಿಗಲ್ಲ." ನಾನು ಕಾಡುಕರಿಬೇವಿನ ಹೆಸರೆತ್ತಿದೆ, ಅದೇ ಕಾಮಿನಿ ಅಂತಾರಲ್ಲ, ಮಳೆ ಬಿದ್ದ ಮೇಲೆ ಕಿತ್ತಳೆ ಹೂವಿನಂಥ ಪರಿಮಳ. "ಒಗ್ಗರಣೆಗೆ ಬರ್ತದಾ?" ಅಂದ. ಬರಲ್ಲ ಅಂದೆ. ಅದೂ ಹೋಯಿತು.

ಕೊನೆಗೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಯಾವ ನೀರು ಹಾಕ್ತೀಯ?" ಅಂದರು.

ಈ ಪ್ರಶ್ನೆಗೇ ನಾನು ಕಾದಿದ್ದೆ. ಎದೆ ಉಬ್ಬಿಸಿ ಹೇಳಿದೆ: "ಆರ್‌ಒ ಮಷೀನ್ ಹೊರಗೆ ಬಿಡುತ್ತಲ್ಲ, ಆ ನೀರು. ಒಂದು ಹನಿ ಚರಂಡಿಗೆ ಬಿಟ್ಟಿಲ್ಲ."

ಮೂವರೂ ಸುಮ್ಮನಾದರು. ಸಾವಿನ ಮನೆಯಲ್ಲಿ ಆಗೋ ಥರದ ಮೌನ.

"ಅಯ್ಯೋ ಪುಣ್ಯಾತ್ಮ," ಅಂದರು ಮೇಷ್ಟ್ರು. "ನೀನು ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರೋದು. ನಮ್ಮೂರ ಬೋರ್‌ವೆಲ್ ನೀರು ಮೊದಲೇ ಗಡಸು, ಹಂಡೆ ತಳ ನೋಡಿದ್ದೀಯಲ್ಲ, ಸುಣ್ಣ ಬಳಿದ ಹಾಗೆ. ಅದನ್ನ ಇನ್ನೂ ಗಟ್ಟಿ ಮಾಡಿ ಹೊಯ್ದಿದ್ದೀಯ. ಈ ಗಿಡಕ್ಕೆ ಮಣ್ಣು ಕೊಂಚ ಹುಳಿ ಇರಬೇಕು. ಸುಣ್ಣ ಜಾಸ್ತಿ ಆದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಅದಕ್ಕೇ ಹಳದಿ."

"ಮದುವೆ ಮನೇಲಿ ಕೂತು ಉಪವಾಸ," ಅಂದ ಮುನಿರಾಜು.

ರಾಜಣ್ಣ ನಿಟ್ಟುಸಿರು ಬಿಟ್ಟ. "ನಂದಿಬೆಟ್ಟದ ಸುತ್ತ ಪಿನಾಕಿನಿ, ಅರ್ಕಾವತಿ ಎಲ್ಲ ಹುಟ್ತವೆ. ಹುಟ್ಟಿ ಏನು ಬಂತು? ನಾವು ಸಾವಿರ ಅಡಿ ಕೊರೆದು ಸುಣ್ಣದ ನೀರು ಕುಡೀಬೇಕು. ಪಕ್ಕದ ಮುದ್ದೇನಹಳ್ಳೀಲಿ ಸರ್ ಎಂ.ವಿ. ಹುಟ್ಟಿದರು, ಮಂಡ್ಯಕ್ಕೆ ಕನ್ನಂಬಾಡಿ ಕಟ್ಟಿ ಕೊಟ್ಟರು." ಆಮೇಲೆ ಅವನಿಗೇ ಒಂದು ಉಪಾಯ ಹೊಳೀತು: "ಏಸಿ ನೀರು ಹಾಕಬಹುದು ನೋಡು, ಅದರಲ್ಲಿ ಉಪ್ಪಿರಲ್ಲ. ಬೆಂಗಳೂರಲ್ಲಿ ನನ್ನ ಮಗನ ಮನೇಲಿ ಏಸಿ ಇದೆ, ಕ್ಯಾನಲ್ಲಿ ತರಿಸಲಾ?"

"ಹೆಬ್ಬಾಳ, ನಾಗವಾರದ ಸಂಸ್ಕರಿಸಿದ ನೀರನ್ನ ಬೆಂಗಳೂರಿನವರು ಈಗಾಗಲೇ ನಮ್ಮ ಕೆರೆಗೆ ಕಳಿಸ್ತಿದ್ದಾರೆ," ಅಂದರು ಮೇಷ್ಟ್ರು. "ಏಸಿ ನೀರಿನ ಋಣ ಬೇರೆ ಬೇಡ. ಮಳೆ ನೀರು ಹಿಡಿ. ಅಲ್ಲಿವರೆಗೆ ಅನ್ನಭೇದಿ, ಅದೇ ಕಬ್ಬಿಣದ ಉಪ್ಪು, ತಂದು ಲೀಟರಿಗೆ 5 ಗ್ರಾಂ ಕಲಸು, ಒಂದಿಷ್ಟು ನಿಂಬೆರಸ ಹಿಂಡು, ಸಂಜೆ ಎಲೆಗೆ ಸಿಂಪಡಿಸು."

5 ಗ್ರಾಂ ಅಂದರೆ ಒಂದು ಚಮಚ. ಇಷ್ಟು ಕಡಿಮೆ ಔಷಧಿಗೆ ರೋಗ ಹೆದರುತ್ತಾ ಅನ್ನಿಸಿ ನಾನು ಮೂರು ಚಮಚ ಹಾಕಿದೆ. ಎರಡೇ ದಿನಕ್ಕೆ ಎಲೆ ಅಂಚು ಕರಕಲಾಯಿತು. ಉಳಿದ ನೀರು ಬಾಗಿಲ ಮುಂದಿನ ಬಿಳೀ ಟೈಲ್ಸ್ ಮೇಲೆ ಚೆಲ್ಲಿ, ನಮ್ಮಾಕೆ ರಂಗೋಲಿ ಹಾಕೋ ಜಾಗದಲ್ಲೇ ಹಂಚಿಕಡ್ಡಿ ಪೊರಕೆಗೂ ಜಗ್ಗದ ತುಕ್ಕಿನ ಕಲೆ ಕೂತಿತು. ಅದರ ವಿಚಾರ ಇಲ್ಲಿ ಹೆಚ್ಚಿಗೆ ಬರೆಯೋದು ಬೇಡ. ಆ ವಾರ ನಾನು ಕಾಫಿ ಹೊರಗೆ ಕುಡಿದೆ.

ಪುಣ್ಯಕ್ಕೆ ಮುಂಗಾರು ಹತ್ತಿರ ಬಂದಿತ್ತು. ಮಾಳಿಗೆ ಪೈಪಿನ ಕೆಳಗೆ ನೀಲಿ ಡ್ರಮ್ಮು ಇಟ್ಟೆ. ಮೊದಲ ಮಳೆಗೆ ಕುಂಡದ ಮಣ್ಣು ಚೆನ್ನಾಗಿ ತೊಳೆದು ಹೋಯಿತು. ಕೆಮ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ ಹಾಕಿದೆ, ಅನ್ನಭೇದಿ ಈ ಸಲ ಅಳೆದು ಕೊಟ್ಟೆ. ಆಷಾಢದಲ್ಲಿ ಹಸಿರು ಚಿಗುರು, ಶ್ರಾವಣದಲ್ಲಿ ಒಂಬತ್ತು ಮೊಗ್ಗು. ಬಂದವರಿಗೆಲ್ಲ ತೋರಿಸೋ ಹುಚ್ಚಿಗೆ ಕುಂಡವನ್ನ ಜಗಲಿಗೆ, ಜಗಲಿಯಿಂದ ಗೇಟಿಗೆ, ಗೇಟಿನಿಂದ ತುಳಸಿಕಟ್ಟೆ ಪಕ್ಕಕ್ಕೆ ಮೆರವಣಿಗೆ ಮಾಡಿಸಿದೆ. ಮೊಗ್ಗು ಕಟ್ಟಿದ ಗಂಧರಾಜನನ್ನ ಜಾಗ ಬದಲಿಸಬಾರದಂತೆ. ಎಂಟು ಉದುರಿದ ಮೇಲೆ ಮೇಷ್ಟ್ರು ಹೇಳಿದರು.

ಉಳಿದ ಒಂದು ಶನಿವಾರ ಅರಳಿತು. ಭಾನುವಾರ ಮೂವರೂ ಬಂದು ಸಾಲಾಗಿ ಬಗ್ಗಿ ಮೂಸಿದರು. ರಾಜಣ್ಣ ಎರಡು ಸಲ ಮೂಸಿ, "ತಲೆನೋವು ಬರಲಿಲ್ಲ," ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮುನಿರಾಜು ಗಂಟಲು ಸರಿಮಾಡಿಕೊಂಡ. ಅಷ್ಟು ಸಾಕಿತ್ತು. "ಗಂಧರಾಜ, ಒಂದೇ ಒಂದು ಹೂ, ನಾಟಿ ಅಲ್ಲ, ಚೀನಾ ಮಾಲು! ಹತ್ತು ರೂಪಾಯಿ, ಹತ್ತು!"

"ಹನ್ನೊಂದು," ಅಂದರು ಮೇಷ್ಟ್ರು.

"ಹದಿನೈದು," ಅಂದ ರಾಜಣ್ಣ, "ಮೇಷ್ಟ್ರು ಕೊಡಲ್ಲ ಅಂತ ಗೊತ್ತು."

"ಇರು, ಇರು." ಮುನಿರಾಜು ಎಸಳು ತಿರುಗಿಸಿ ನೋಡಿದ. "ಅಂಚು ಆಗಲೇ ಹಳದಿಗೆ ತಿರುಗಿದೆ. ನಿನ್ನೇ ಮಾಲು. ಎಂಟಕ್ಕೆ ಇಳಿಸ್ತೀನಿ."

"ಅದರ ಗುಣವೇ ಅದು, ಅರಳಿದಾಗ ಬಿಳಿ, ಆಮೇಲೆ ಹಳದಿ," ಅಂತ ನಾನು ಸಮಜಾಯಿಷಿ ಕೊಡುವಷ್ಟರಲ್ಲಿ ನಮ್ಮಾಕೆ ಕಾಫಿ ತಟ್ಟೆ ಹಿಡಿದು ಬಂದಳು. ತಟ್ಟೆ ಕಟ್ಟೆ ಮೇಲಿಟ್ಟಳು, ಹೂ ಕಿತ್ತಳು, ಜಡೆಗೆ ಸಿಕ್ಕಿಸಿಕೊಂಡಳು.

"ಕಮಿಷನ್ ಎಷ್ಟಾಯ್ತು ಮುನಿರಾಜಣ್ಣ?"

"ಮನೇ ವ್ಯವಹಾರ ಬಿಡಕ್ಕ," ಅಂದ ಅವನು ಲೋಟ ಎತ್ತಿಕೊಳ್ಳುತ್ತಾ. "ಸಕ್ಕರೆ ಇನ್ನೊಂದ್ಚೂರು ಹಾಕಿಬಿಡು."