ತಾಯಿಗೆ ಎರಡು ಬಗೆಯ ನೀರಿನ ಮಾತ್ರೆ ಏಕೆ?

ಪ್ರಶ್ನೆ (ಸೋಮವಾರಪೇಟೆ):
ನನ್ನ ತಾಯಿಗೆ 68 ವರ್ಷ. ರಕ್ತದೊತ್ತಡಕ್ಕೆಂದು ಬಹುಕಾಲ ಕ್ಲೋರ್‌ಥಾಲಿಡೋನ್ ಸೇವಿಸುತ್ತಿದ್ದರು. ಕಳೆದ ತಿಂಗಳು ಕಾಲು ಬಾತು, ಮಲಗಿದರೆ ಉಸಿರು ಕಟ್ಟುವಂತಾದಾಗ, ಹೃದಯ ದುರ್ಬಲವಾಗಿದೆಯೆಂದು ತಿಳಿಸಿದ ವೈದ್ಯರು ಅದನ್ನು ನಿಲ್ಲಿಸಿ, ಫ್ಯುರೋಸೆಮೈಡ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಬರೆದುಕೊಟ್ಟಿದ್ದಾರೆ. ಎರಡೂ ಮೂತ್ರ ಹೆಚ್ಚಿಸುವ ಔಷಧಗಳೇ ಆದರೆ ಒಂದು ಸಾಲದೇ? ಈ ಮಳೆಯಲ್ಲಿ ಅವರು ರಾತ್ರಿ ನಾಲ್ಕು ಬಾರಿ ಎದ್ದು ಮನೆಯ ಹೊರಗಿನ ಶೌಚಾಲಯಕ್ಕೆ ಹೋಗುವುದನ್ನು ನೋಡಲಾಗುತ್ತಿಲ್ಲ. ಒಂದನ್ನು ಬಿಡಿಸಿಬಿಡೋಣವೆನಿಸುತ್ತಿದೆ.

ಉತ್ತರ (ವಿರಾಜಪೇಟೆ, ನಿವೃತ್ತ ಫಾರ್ಮಸಿಸ್ಟ್):
ದಯವಿಟ್ಟು ನೀವಾಗಿಯೇ ಯಾವುದನ್ನೂ ಬಿಡಿಸಬೇಡಿ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಉಳಿದೆಲ್ಲವನ್ನೂ ರಕ್ತಕ್ಕೆ ಮರಳಿಸುತ್ತವೆ. ಹೀಗೆ ಮರಳುವಾಗ ಸೋಡಿಯಂ ಮುಂದೆ ಹೋದರೆ ನೀರು ಅದರ ಹಿಂದೆಯೇ ಹೋಗುತ್ತದೆ. ಈ ಔಷಧಗಳು ತಡೆಯುವುದು ಆ ಸೋಡಿಯಂ ಅನ್ನು, ಆದರೆ ತಡೆಯುವ ಜಾಗ ಬೇರೆ ಬೇರೆ. ಫ್ಯುರೋಸೆಮೈಡ್ ಕೆಲಸ ಮಾಡುವ ಹೆನ್ಲೆ ಕುಣಿಕೆಯಲ್ಲಿ (ಮೂತ್ರಪಿಂಡದ ಸೂಕ್ಷ್ಮ ನಾಳಿಕೆಯ ಬಾಗಿದ ಭಾಗ) ಸೋಸಿದ ಸೋಡಿಯಂನ ಕಾಲುಭಾಗದಷ್ಟು ಮರಳುವುದರಿಂದ, ಅದು ಬಾವನ್ನೂ ಶ್ವಾಸಕೋಶದ ನೀರನ್ನೂ ಬೇಗ ಇಳಿಸುತ್ತದೆ. ಕ್ಲೋರ್‌ಥಾಲಿಡೋನ್ ಸೇರಿದ ಥಯಾಜೈಡ್ ಗುಂಪು ಇನ್ನೂ ಮುಂದಿನ ಭಾಗದಲ್ಲಿ ಸ್ವಲ್ಪವನ್ನಷ್ಟೇ ತಡೆಯುತ್ತದೆಯಾದರೂ ದೀರ್ಘಕಾಲ ನಿಲ್ಲುವುದರಿಂದ ರಕ್ತದೊತ್ತಡಕ್ಕೆ ಹೊಂದುತ್ತದೆ. ಈ ಎರಡೂ ಬಗೆಗಳು ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತವೆ. ನಾಳಿಕೆಯ ಕೊನೆಯಲ್ಲಿ, ಸೋಡಿಯಂ ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೋಸ್ಟಿರೋನ್ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮೂತ್ರವನ್ನು ಅಷ್ಟಾಗಿ ಹೆಚ್ಚಿಸದು, ಪೊಟ್ಯಾಸಿಯಂ ಉಳಿಸುತ್ತದೆ. ತೀವ್ರ ಹೃದಯ ವೈಫಲ್ಯವಿದ್ದವರಲ್ಲಿ ಅದು ಸಾವಿನ ಅಪಾಯವನ್ನು ಸುಮಾರು 30 ಶೇಕಡ ತಗ್ಗಿಸಿತೆಂದು 1999ರ ಅಧ್ಯಯನವೊಂದು ತೋರಿಸಿತು. ಮೂತ್ರ ಹೆಚ್ಚಿಸುವುದಕ್ಕಿಂತ ಮುಖ್ಯವಾಗಿ ಅದನ್ನು ಕೊಡುವುದು ಈ ಕಾರಣಕ್ಕೆ.

ಬಾಯಿಂದ ತೆಗೆದುಕೊಂಡ ಫ್ಯುರೋಸೆಮೈಡ್‌ನ ಪ್ರಭಾವ ಆರರಿಂದ ಎಂಟು ಗಂಟೆ ಇರುತ್ತದೆ. ತಾಯಿಯವರು ಅದನ್ನು ಎಷ್ಟು ಹೊತ್ತಿಗೆ ಸೇವಿಸುತ್ತಾರೆ?

ಉತ್ತರ (ಪೊನ್ನಂಪೇಟೆ):
ನನ್ನ ತಂದೆಯವರನ್ನು ಇದೇ ಸ್ಥಿತಿಯಲ್ಲಿ ನೋಡಿಕೊಂಡ ಅನುಭವದಿಂದ ಬರೆಯುತ್ತಿದ್ದೇನೆ. ಮಳೆಗಾಲದ ಒಣಮೀನು ಮತ್ತು ಉಪ್ಪಿನಕಾಯಿಯ ಉಪ್ಪು ಮಾತ್ರೆಯ ಕೆಲಸವನ್ನೇ ಕೆಡಿಸುತ್ತದೆ. ಹಾಗೆಂದು ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಸ್ಪೈರೊನೊಲ್ಯಾಕ್ಟೋನ್ ಜೊತೆಗೆ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ತಪ್ಪಿಸಬಹುದು. ಮಂಡಿನೋವಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಪ್ರತಿದಿನ ಬೆಳಿಗ್ಗೆ ತೂಕ ಬರೆದಿಡಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ನೀರು ಮತ್ತೆ ತುಂಬುತ್ತಿದೆಯೆಂದು ತಿಳಿಯಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಫ್ಯುರೋಸೆಮೈಡ್ ಅನ್ನು ರಾತ್ರಿ ಊಟದ ನಂತರ ಕೊಡುತ್ತಿದ್ದೆವು. ವೈದ್ಯರಿಗೆ ಫೋನ್ ಮಾಡಿದಾಗ ಬೆಳಿಗ್ಗೆಯೇ ಕೊಡಲು ಹೇಳಿದರು. ರಕ್ತದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ಅಂಶ) ಪರೀಕ್ಷೆಗೆ ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.