ಸಹಾಯ ಬೇಕು: ಬೋರ್‌ವೆಲ್ ಸರ್ವೆ ಗ್ರಾಫ್‌ನ ತಗ್ಗು ನಿಜವಾಗಿಯೂ ನೀರಾ?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯಲ್ಲಿ ನಮ್ಮ ಜಮೀನಿದೆ. ಕೆಳಗೆಲ್ಲ ಗಟ್ಟಿ ಗ್ರಾನೈಟ್. ಬೋರ್ ಕೊರೆಸುವ ಮುಂಚೆ ಷ್ಲಂಬರ್ಜೆ ವಿಧಾನದಲ್ಲಿ ರೆಸಿಸ್ಟಿವಿಟಿ ಸರ್ವೆ (ನೆಲ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎಂದು ಅಳೆಯುವುದು) ಮಾಡಿಸಿದ್ದೇವೆ. ಹೊರಗಿನ ಎರಡು ಗೂಟಗಳಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಗೂಟ ದೂರ ಹೋದಷ್ಟೂ ಹೆಚ್ಚು ಆಳದ ಸುಳಿವು ಸಿಗುತ್ತದೆ.

ಗೂಟದ ದೂರ ಹೆಚ್ಚಿದಂತೆ ಈ ತಡೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗ್ರಾಫ್ ಮೊದಲು ಇಳಿದು, ಆಮೇಲೆ ಏರುತ್ತದೆ. ಇಳಿದಿರುವುದು ಶಿಥಿಲ ಕಲ್ಲು, ಏರಿರುವುದು ಗಟ್ಟಿ ಬಂಡೆ, ಅಷ್ಟು ಸರಿ ಅಲ್ವಾ? ಆದರೆ ಏರುವ ಗೆರೆಯ ಮಧ್ಯೆ ಒಂದೇ ಒಂದು ಬಿಂದು ಕೆಳಗೆ ಬಿದ್ದಿದೆ. ನೀರಿದ್ದಲ್ಲಿ ತಡೆ ಕಡಿಮೆ, ಹಾಗಾಗಿ ಅದೇ ನೀರಿರುವ ಬಿರುಕು ಅಂತ ಸರ್ವೆಯವರು ಹೇಳುತ್ತಾರೆ.

ನನಗೆ ನಂಬಿಕೆ ಬರುತ್ತಿಲ್ಲ. ಒಳಗಿನ ಗೂಟಗಳ ಅಂತರ ಬದಲಿಸಿದಾಗಲೂ ಗೆರೆ ಹೀಗೆ ಜಿಗಿಯಬಹುದು. ಆಳದ ಸಣ್ಣ ಬಿರುಕು ಮೇಲಿನಿಂದ ಇಷ್ಟು ಸ್ಪಷ್ಟವಾಗಿ ಕಾಣುವುದೂ ಕಷ್ಟ. ಜೊತೆಗೆ ಪಕ್ಕದಲ್ಲೇ ಪಂಪ್‌ಸೆಟ್ ಲೈನ್ ಇದೆ, ಅದರ 50 ಹರ್ಟ್ಜ್ ಕರೆಂಟಿನ ಗದ್ದಲ (ಅಳತೆಯನ್ನು ಕೆಡಿಸುವ ಏರಿಳಿತ) ಸೇರಿರಬಹುದು. ಪ್ರತಿ ಅಂತರಕ್ಕೂ ಒಂದೇ ರೀಡಿಂಗ್ ತೆಗೆದಿದ್ದಾರೆ. 16 ಸಲ ತೆಗೆದು ಸರಾಸರಿ ಮಾಡಿದರೆ ಗೊತ್ತುಗುರಿಯಿಲ್ಲದ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ 50 ಹರ್ಟ್ಜ್ ಅಂಥದ್ದಲ್ಲ. 20 ಮಿಲಿಸೆಕೆಂಡಿನ ಪೂರ್ತಿ ಸುತ್ತುಗಳಷ್ಟು ಹೊತ್ತು ಅಳೆದರೆ ಮಾತ್ರ ಅದು ಕಳೆದುಹೋಗುತ್ತದೆ.

ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ: ಅದೇ ಜಾಗದಲ್ಲಿ ಅಡ್ಡ ದಿಕ್ಕಿಗೆ ಇನ್ನೊಂದು ಸಲ ಅಳೆದರೆ ಸಾಕಾ, ಅಥವಾ ಹಲವು ಗೂಟ ನೆಟ್ಟು ನೆಲದಡಿಯ ಚಿತ್ರ ತೆಗೆಯುವ ಇಮೇಜಿಂಗ್ ಸರ್ವೆಯೇ ಬೇಕಾ? ಬೋರ್‌ಗೆ ಸಾಲ ಮಾಡಬೇಕು, ಸುಮ್ನೆ ಕೊರೆಸಲು ಧೈರ್ಯವಿಲ್ಲ. ರೀಡಿಂಗ್ ಪಟ್ಟಿ ಕೇಳಿದವರಿಗೆ ಕಳಿಸುತ್ತೇನೆ.