ಕೆರೆ ವ್ಯೂ ಫ್ಲ್ಯಾಟ್‌ಗೆ ಜಾಸ್ತಿ ದುಡ್ಡು ಕೊಡಬಹುದಾ?

ಪ್ರಶ್ನೆ: ನಮಸ್ಕಾರ. ಬೆಂಗಳೂರಿನ ಉತ್ತರ ಭಾಗದಲ್ಲಿ ಕೆರೆ ಪಕ್ಕ ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟಿನಲ್ಲಿ 1,400 ಚದರಡಿಯ ಫ್ಲ್ಯಾಟ್ ನೋಡಿದ್ದೇವೆ. ಕೆರೆ ಕಡೆ ಬೇಕಾದರೆ ಚದರಡಿಗೆ 300 ರೂಪಾಯಿ ಜಾಸ್ತಿಯಂತೆ, ಅದಕ್ಕೆ ಪಿಎಲ್‌ಸಿ ಅಂತಾರೆ, ಒಳ್ಳೇ ಜಾಗದ ಫ್ಲ್ಯಾಟ್‌ಗೆ ಹಾಕುವ ಹೆಚ್ಚುವರಿ ಶುಲ್ಕ. ನನ್ನ ಹೆಂಡತಿಗೆ ಆ ಬಾಲ್ಕನಿ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಮುಂದೆ ಮಾರಿದರೆ ಈ ದುಡ್ಡು ವಾಪಸ್ ಬರುತ್ತಾ? ಅನುಭವ ಇರುವವರು ಹೇಳಿ.

ಜಕ್ಕೂರು ಕಡೆಯಿಂದ: ಲೆಕ್ಕ ಹಾಕಿ ನೋಡಿ ಸರ್. ಅದು 4.2 ಲಕ್ಷ. ಎಂಟೂವರೆ ಪರ್ಸೆಂಟ್ ಬಡ್ಡಿಗೆ 20 ವರ್ಷದ ಸಾಲ ಅಂದರೆ ತಿಂಗಳಿಗೆ ಸುಮಾರು 3,600 ರೂಪಾಯಿ ಬರೀ ನೋಟಕ್ಕೆ. ನಮ್ಮ ಬ್ಲಾಕಿನಲ್ಲಿ ಕೆರೆ ಕಡೆಯ ಮನೆಗೆ ಬಾಡಿಗೆ ಒಂದೆರಡು ಸಾವಿರ ಜಾಸ್ತಿ ಸಿಗುತ್ತದೆ, ಅಷ್ಟೇ. ಮಾರುವಾಗ ಮಾತ್ರ ಒಂದು ಅನುಕೂಲ ಕಂಡೆ. ರೇಟು ಭಾರೀ ಏನೂ ಏರಲಿಲ್ಲ, ಆದರೆ ಬೇಗ ಹೋಯಿತು. ಮನೆ ನೋಡಲು ಬಂದವರು ಅಡುಗೆಮನೆಗೂ ಹೋಗಲಿಲ್ಲ, ನೇರ ಬಾಲ್ಕನಿಗೆ ಹೋಗಿ ನಿಂತರು. ಅದೇ ಹೊತ್ತಿಗೆ ಮಾರಾಟಕ್ಕಿಟ್ಟಿದ್ದ ರಸ್ತೆ ಕಡೆಯ ಮನೆ ಎಷ್ಟೋ ದಿನ ಹಾಗೇ ಇತ್ತು.

ಇನ್ನೊಂದು ವಿಷಯ. ನಮ್ಮ ಕೆರೆಗೆ ಬರುವ ಕೊಳಚೆ ನೀರನ್ನು ಎಸ್‌ಟಿಪಿಯಲ್ಲಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ಶುದ್ಧ ಮಾಡಿ, ಜೊಂಡು ಬೆಳೆಸಿದ ಜೌಗಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ. ಅದಕ್ಕೇ ನೀರು ತಕ್ಕಮಟ್ಟಿಗೆ ಚೆನ್ನಾಗಿದೆ, ಹಕ್ಕಿ ಬರುತ್ತವೆ. ನಿಮ್ಮ ಕೆರೆಗೆ ಯಾವ ನೀರು ಬರುತ್ತದೆ ಅಂತ ಮೊದಲು ನೋಡಿ. ಬೆಳಗ್ಗೆ ಸೈಟ್ ವಿಸಿಟ್‌ಗೆ ಕರೆದರೆ ಹೋಗಬೇಡಿ. ಏಪ್ರಿಲ್‌ನಲ್ಲಿ, ಸಂಜೆ ಹೊತ್ತಲ್ಲಿ, ಸೊಳ್ಳೆ ಏಳುವ ಸಮಯಕ್ಕೆ ಹೋಗಿ ಬಾಲ್ಕನಿಯಲ್ಲಿ ಅರ್ಧ ಗಂಟೆ ನಿಲ್ಲಿ.

ಬೆಳ್ಳಂದೂರು ಕಡೆಯಿಂದ: ನಾವೂ 'ಲೇಕ್ ಫೇಸಿಂಗ್' ಅಂತ ದುಡ್ಡು ಕೊಟ್ಟವರೇ. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೆ. ಗಾಳಿ ಬೀಸಿದರೆ ನೊರೆ ರಸ್ತೆಗೆ ಬರುತ್ತಿತ್ತು. ಕಿಟಕಿ ಮುಚ್ಚಿದರೂ ವಾಸನೆ ಹೋಗುತ್ತಿರಲಿಲ್ಲ. ಆಗ ನಮ್ಮ ಜಾಹೀರಾತಿನಲ್ಲಿ ಬ್ರೋಕರ್ 'ಲೇಕ್' ಅನ್ನೋ ಪದವನ್ನೇ ತೆಗೆಸಿದ. ಆಮೇಲೆ ನೀರು ಖಾಲಿ ಮಾಡಿ ಹೂಳೆತ್ತಲು ಶುರು ಮಾಡಿದರು. ಒಳ್ಳೇ ಕೆಲಸವೇ, ಆದರೆ ಬಾಲ್ಕನಿಯಿಂದ ವರ್ಷಗಟ್ಟಲೆ ಕಂಡಿದ್ದು ಕೆಸರು ಮತ್ತು ಟಿಪ್ಪರ್ ಲಾರಿ. ಕೆರೆ ಹಾಳಾದರೆ ರಸ್ತೆ ಕಡೆಯ ಮನೆಗಿಂತ ಕೆರೆ ಕಡೆಯದಕ್ಕೇ ಮೊದಲು ರೇಟು ಬೀಳೋದು.

ವರ್ತೂರು ಹತ್ತಿರದ ಹಳ್ಳಿಯಿಂದ: ನಮ್ಮದು ತಲೆಮಾರುಗಳಿಂದ ಕೆರೆ ಕೆಳಗಿನ ಗದ್ದೆ. ಪೇಟೆಯವರು ನೀರನ್ನಷ್ಟೇ ನೋಡುತ್ತೀರಿ. ಏರಿ ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತದೆ, ರಾಜಕಾಲುವೆ ಯಾವ ಕಡೆ ಹರಿಯುತ್ತದೆ ಅಂತ ಕೇಳಿ. ಅಪಾರ್ಟ್‌ಮೆಂಟ್ ಏರಿಯ ಕೆಳಗಿದ್ದರೆ ಅದು ಹಳೇ ಗದ್ದೆ ಬಯಲು, ಕೋಡಿ ನೀರು ಹೋಗೋ ಜಾಗ. ಹುಳಿಮಾವಿನಲ್ಲಿ 2019ರ ನವೆಂಬರ್‌ನಲ್ಲಿ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿತು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ.

ಬಫರ್, ಅಂದರೆ ಕೆರೆ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗ, ಅದನ್ನೂ ನೋಡಿ. 2016ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಕೆರೆಯಿಂದ 75 ಮೀಟರ್ ಬಿಡಬೇಕು ಅಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ಮಾಸ್ಟರ್ ಪ್ಲಾನಿನ 30 ಮೀಟರೇ ಲೆಕ್ಕಕ್ಕೆ ಬಂತು. ರಾಜಕಾಲುವೆಗೆ ಬೇರೆ ಅಳತೆ. ಪ್ಲಾನ್ ಮಂಜೂರಾದಾಗ ಯಾವ ನಿಯಮ ಇತ್ತು ಅಂತ ವಕೀಲರ ಹತ್ತಿರ ತೋರಿಸಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ. ಗ್ರಾಮ ನಕ್ಷೆ ಜೊತೆ ಹೋಲಿಸಿ, ಖರಾಬು (ಸಾಗುವಳಿಗೆ ಬಾರದ್ದು ಅಂತ ದಾಖಲೆಯಲ್ಲಿರುವ ಜಾಗ) ಇದೆಯಾ ನೋಡಿ. ಖಾತೆ, ಇಸಿ (ಋಣಭಾರ ಪತ್ರ) ಸರಿ ಇದ್ದ ಮಾತ್ರಕ್ಕೆ ಒತ್ತುವರಿ ಇಲ್ಲ ಅಂತಲ್ಲ.

ಮಂಗಳೂರಿನಿಂದ: ಕೆರೆಯಾದರೆ ಪರವಾಗಿಲ್ಲ ಮಾರಾಯ್ರೆ, ಸಮುದ್ರ ವ್ಯೂ ತೆಗೊಂಡವರನ್ನು ಕೇಳಿ! ಉಪ್ಪು ಗಾಳಿಗೆ ಎಸಿಯ ಹೊರಗಿನ ಯೂನಿಟ್, ಗ್ರಿಲ್, ಬಾಗಿಲ ಹಿಂಜು ಎಲ್ಲ ತುಕ್ಕು. ನಮ್ಮಲ್ಲಿ ಮಳೆಗಾಲ ಮುಗಿದ ಕೂಡಲೇ ಪೇಂಟ್ ಖರ್ಚು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ತನಕ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬೇರೆ. ಉಳ್ಳಾಲದ ಕಡಲ್ಕೊರೆತ ನೋಡಿದ ಮೇಲೂ ಜನ ಕೇಳ್ತಾರೆ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ದಿಶಾಂಕ್‌ನಲ್ಲಿ ನೋಡಿದೆ. ಕೆರೆಗೂ ನಮ್ಮ ಬ್ಲಾಕಿಗೂ ನಡುವೆ ಬೇರೆ ಯಾರದೋ ಸರ್ವೆ ನಂಬರ್ ಇದೆ, ಖಾಲಿ ಜಾಗ. ಸೇಲ್ಸ್‌ನವರು 'ಅಲ್ಲೇನೂ ಬರಲ್ಲ ಸರ್' ಅಂತಾರೆ.

ಜಕ್ಕೂರು ಕಡೆಯಿಂದ: ಅವರದಲ್ಲದ ಜಾಗದ ಬಗ್ಗೆ ಅವರೇನು ಹೇಳೋದು? ಗಾಳಿ ಬೆಳಕಿಗಾದರೂ ಕಾನೂನಿನಲ್ಲಿ ಹಕ್ಕು ಸಿಗಬಹುದು, ಅದೂ 20 ವರ್ಷ ಅನುಭವಿಸಿದ ಮೇಲೆ. ನೋಟಕ್ಕೆ ಹಕ್ಕಿಲ್ಲ. ಆ ಜಾಗದ ಮಾಲೀಕ ನಾಳೆ ಹದಿನಾಲ್ಕು ಅಂತಸ್ತು ಎಬ್ಬಿಸಿದರೆ ನಿಮ್ಮ 4.2 ಲಕ್ಷಕ್ಕೆ ಪಕ್ಕದವರ ಒಗೆದ ಬಟ್ಟೆ ಕಾಣುತ್ತದೆ. 'ಏನೂ ಬರಲ್ಲ' ಅನ್ನೋದನ್ನು ಅಗ್ರಿಮೆಂಟಿನಲ್ಲಿ ಬರೆದುಕೊಡಿ ಅನ್ನಿ. ಆಗಲ್ಲ ಅಂದರೆ ಪಿಎಲ್‌ಸಿ ಬಿಡಿ ಅಂತ ಕೂತುಕೊಳ್ಳಿ. ತಿಂಗಳ ಕೊನೆಯಲ್ಲಿ ಹೋಗಿ, ಅವರಿಗೂ ಟಾರ್ಗೆಟ್ ಇರುತ್ತದೆ.